ಮಾತಾಡುವ ಆಟಿಕೆ, ಮಾತಾಡದ ಮಣ್ಣೆತ್ತು

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಸೂಡಿ. ಮಗಳಿಗೆ ಎರಡು ತುಂಬಿ ಮೂರು ನಡೆಯುತ್ತಿದೆ. ನನ್ನ ತಮ್ಮ ಬೆಂಗಳೂರಿನಿಂದ ಬರುವಾಗ ಬ್ಯಾಟರಿ ಹಾಕಿದರೆ ಹಾಡುವ, ಎಬಿಸಿಡಿ ಹೇಳುವ ಆಟಿಕೆ ತಂದುಕೊಟ್ಟ. ‘ಬುದ್ಧಿ ಬೆಳೆಸುವ ಆಟಿಕೆ’ ಎಂದು ಡಬ್ಬಿಯ ಮೇಲೆ ಬರೆದಿದೆ. ಅವಳು ಅದನ್ನು ಮುಟ್ಟುವುದೇ ಅಪರೂಪ. ಅತ್ತೆ ಜೋಳ ಹಸನು ಮಾಡಲು ಕೂತರೆ ಸಾಕು, ಸೇರು, ಪಾವು ಹಿಡಿದು ಕಾಳು ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ‘ನಾವೆಲ್ಲ ಮಣ್ಣಾಗ ಆಡಿ ಬೆಳದಿಲ್ಲೇನ? ಆಟಿಗಿ ಯಾಕ ಬೇಕ?’ ಅನ್ನುತ್ತಾರೆ ಅತ್ತೆ. ಆಟದಿಂದ ಮಕ್ಕಳ ಬುದ್ಧಿ ಖರೇನೇ ಬೆಳೆಯುತ್ತದೆಯೇ? ಬೆಳೆಯುವುದಾದರೆ ಎಂಥ ಆಟಿಕೆ ಕೊಡಿಸಬೇಕು?
— ಓದುಗರೊಬ್ಬರು, ಸೂಡಿ

ಉತ್ತರ: ಮೊದಲು ನಿಮ್ಮ ಅತ್ತೆಯವರ ಪರವಾಗಿಯೇ ಮಾತಾಡುತ್ತೇನೆ. ಒಂದೆರಡು ಕಡೆ ಅವರ ಮಾತನ್ನೂ ತಿದ್ದಬೇಕಾಗುತ್ತದೆ, ಅದು ಆಮೇಲೆ.

ಸೇರಿನಿಂದ ಪಾವಿಗೆ ಜೋಳ ಸುರಿಯುವ ಮಗಳ ಹತ್ತಿರ ಸುಮ್ಮನೆ ಕೂತು ನೋಡಿ. ಮೊದಲ ಸಲ ಪಾವು ತುಂಬಿ ಕಾಳು ಚೆಲ್ಲುತ್ತದೆ. ಚೆಲ್ಲಿದ್ದನ್ನು ಕಣ್ಣು ಕಂಡಿತು, ಮುಂದಿನ ಸಲ ಮಣಿಕಟ್ಟು ಒಂದಿಷ್ಟು ತಡೆದು ತಿರುಗುತ್ತದೆ. ಎಡಗೈ ಪಾವನ್ನು ಹಿಡಿದಿದ್ದರೆ ಬಲಗೈ ಸುರಿಯುತ್ತದೆ. ಎರಡು ಕೈ ಎರಡು ಬೇರೆ ಕೆಲಸ ಮಾಡುವುದು ಈ ವಯಸ್ಸಿಗೆ ಸಣ್ಣ ಸಾಧನೆಯೇನಲ್ಲ. ಪಾವು ಸೇರಿನೊಳಗೆ ಕೂರುತ್ತದೆ, ಸೇರು ಪಾವಿನೊಳಗೆ ಕೂರುವುದಿಲ್ಲ. ಖಾಲಿ ಸೇರಿಗೆ ಬಿದ್ದ ಕಾಳಿನ ಸದ್ದೇ ಬೇರೆ, ಅರ್ಧ ತುಂಬಿದ ಸೇರಿಗೆ ಬಿದ್ದ ಸದ್ದೇ ಬೇರೆ. ನಾಲ್ಕು ಪಾವಿಗೆ ಒಂದು ಸೇರು ಎಂಬ ಲೆಕ್ಕ ಅವಳಿಗೆ ತಿಳಿಯಲು ಇನ್ನೂ ವರ್ಷಗಳು ಬೇಕು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಮುಂದೆ ಅಗಲ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದು ‘ಈಗ ಹೆಚ್ಚಾಯಿತೋ ಕಮ್ಮಿಯಾಯಿತೋ’ ಎಂದು ಕೇಳುತ್ತಿದ್ದರು. ನಾಲ್ಕೈದು ವರ್ಷದ ಬಹುತೇಕ ಮಕ್ಕಳು ಹೆಚ್ಚಾಯಿತು ಎನ್ನುತ್ತಿದ್ದವು. ಏಳರ ಹೊತ್ತಿಗೆ ‘ಅಷ್ಟೇ ಐತಲ್ಲ, ಲೋಟ ಅಷ್ಟೇ ಬ್ಯಾರೆ’ ಎಂಬ ಉತ್ತರ ಬರತೊಡಗುತ್ತಿತ್ತು. ಆ ಉತ್ತರವನ್ನು ಯಾರೂ ಬಾಯಿಪಾಠ ಮಾಡಿಸಿರುವುದಿಲ್ಲ. ಹೀಗೆ ತುಂಬಿ ಸುರಿದ ಕೈಗಳಿಂದಲೇ ಅದು ಹುಟ್ಟುವುದು. ನಿಮ್ಮ ಮಗಳು ಅತ್ತೆಯವರ ಪಕ್ಕ ಕೂತು ಮಾಡುತ್ತಿರುವುದು ಅದರ ಪೂರ್ವಸಿದ್ಧತೆ.

ಒಂದೇ ಎಚ್ಚರಿಕೆ. ಜೋಳದ ಕಾಳು ಮೂಗಿಗೂ ಕಿವಿಗೂ ಹೇಳಿ ಮಾಡಿಸಿದ ಅಳತೆಯದು. ಅತ್ತೆ ಪಕ್ಕದಲ್ಲಿದ್ದಾಗ ಮಾತ್ರ ಈ ಆಟ. ಅವರು ಎದ್ದು ಹೋದರೆ ಕಾಳಿನ ಮೊರವೂ ಅವರ ಜೊತೆಗೇ ಎದ್ದು ಹೋಗಲಿ.

ಈಗ ‘ಖರೇನೇ ಬೆಳೆಯುತ್ತದೆಯೇ’ ಎಂಬ ಪ್ರಶ್ನೆಗೆ ಬರುತ್ತೇನೆ. ಆಟ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ, ಆಟಿಕೆ ಮಾರುವವರಂತೂ ಹೇಳಿಯೇ ಹೇಳುತ್ತಾರೆ. ಹೇಳುವುದು ಬೇರೆ, ತೋರಿಸಿಕೊಡುವುದು ಬೇರೆ. ತೋರಿಸಿಕೊಟ್ಟ ಕೆಲಸಗಳಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಕೆರಿಬಿಯನ್ ದ್ವೀಪ ಜಮೈಕಾದ್ದು. ಅಲ್ಲಿನ ರಾಜಧಾನಿ ಕಿಂಗ್‌ಸ್ಟನ್‌ನ ಬಡವರ ಕೇರಿಗಳಲ್ಲಿ 1986–87ರಲ್ಲಿ ಸ್ಯಾಲಿ ಗ್ರಂಥಮ್–ಮೆಕ್‌ಗ್ರೆಗರ್ ಎಂಬ ವೈದ್ಯೆ ಮತ್ತವರ ಸಂಗಡಿಗರು 9ರಿಂದ 24 ತಿಂಗಳ 129 ಮಕ್ಕಳನ್ನು ಆರಿಸಿಕೊಂಡರು. ಎಲ್ಲವೂ ಅಪೌಷ್ಟಿಕತೆಯಿಂದ ಬೆಳವಣಿಗೆ ಕುಂಠಿತವಾಗಿ, ವಯಸ್ಸಿಗೆ ತಕ್ಕ ಎತ್ತರವಿಲ್ಲದ ಮಕ್ಕಳು. ಅವರನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ವಾರ ವಾರ ಹಾಲಿನ ಪುಡಿಯ ಪೂರಕ ಆಹಾರ, ಇನ್ನೊಂದಕ್ಕೆ ವಾರಕ್ಕೊಮ್ಮೆ ಒಂದು ತಾಸು ಮನೆಗೆ ಬಂದು ತಾಯಿಗೂ ಮಗುವಿಗೂ ಆಟ ಆಡಿಸುವ ಆರೋಗ್ಯ ಕಾರ್ಯಕರ್ತೆ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಹೀಗೆ ಎರಡು ವರ್ಷ. ಬಂದವಳು ನಮ್ಮ ಅಂಗನವಾಡಿ, ಆಶಾ ಕಾರ್ಯಕರ್ತೆಯರಂಥವಳೇ, ದೊಡ್ಡ ಪದವೀಧರೆಯಲ್ಲ. ತಂದ ಆಟಿಕೆಗಳು ಖಾಲಿ ಬಾಟಲಿ, ಡಬ್ಬಿ, ರಟ್ಟು, ಬಟ್ಟೆ ಚೂರಿನಿಂದ ಕೈಯಾರೆ ಮಾಡಿದವು. ಈ ವಾರ ಬಿಟ್ಟುಹೋದದ್ದನ್ನು ಮುಂದಿನ ವಾರ ಒಯ್ದು ಬೇರೆಯದನ್ನು ಕೊಡುವುದು, ತಾಯಿಗೆ ಆಡಿಸುವ ಬಗೆ ತೋರಿಸುವುದು, ಮಾತಾಡಿಸುತ್ತ ಆಡಿ ಎನ್ನುವುದು. ಮುಗಿಯಿತು.

ಆ ಮಕ್ಕಳು 22 ವರ್ಷದವರಾದಾಗ ಸಂಶೋಧಕರು ಮತ್ತೆ ಹುಡುಕಿಕೊಂಡು ಹೋದರು. ಚಿಕ್ಕಂದಿನಲ್ಲಿ ಆಟದ ಭೇಟಿ ಪಡೆದವರ ಗಳಿಕೆ, ಪಡೆಯದ ಅಂಥದೇ ಮಕ್ಕಳ ಗಳಿಕೆಗಿಂತ ಶೇ. 25ರಷ್ಟು ಹೆಚ್ಚಿತ್ತು, ಅದೇ ಕೇರಿಗಳಲ್ಲಿ ಕುಂಠಿತವಾಗದೆ ಬೆಳೆದವರ ಸರಿಸಮಕ್ಕೆ ಬಂದಿತ್ತು. ಹಾಲಿನ ಪುಡಿ ಮಾತ್ರ ಪಡೆದವರಲ್ಲಿ ಇಷ್ಟು ದೂರ ಬಾಳುವ ಲಾಭ ಕಾಣಲಿಲ್ಲ. 2014ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಊಟ ಬೇಡ, ಆಟ ಸಾಕು ಎಂದು ಇದನ್ನು ಓದಿಕೊಳ್ಳಬಾರದು. ಹಸಿದ ಮಗು ಆಡುವುದೂ ಇಲ್ಲ. ಆದರೆ ಹೊಟ್ಟೆ ತುಂಬಿಸಿ ಕೈಗೆ ಕೆಲಸ, ಕಿವಿಗೆ ಮಾತು ಕೊಡದೆ ಕೂರಿಸಿದರೆ ಮಗುವಿಗೆ ಸಲ್ಲಬೇಕಾದ ಅರ್ಧ ಸಂದಾಯ ಬಾಕಿ ಉಳಿಯುತ್ತದೆ. ಆ ಬಾಟಲಿ–ಡಬ್ಬಿಗಳಿಗೆ ರೊಕ್ಕ ಬಿದ್ದಿರಲಿಲ್ಲ ಎಂಬುದನ್ನೂ ಗಮನಿಸಿ. ಮಗುವಿನ ಜೊತೆ ಆಡುವವರೊಬ್ಬರು ಇದ್ದರು, ಅದರಲ್ಲಿತ್ತು ಬೆಲೆ.

ಅದಕ್ಕೇ ನಿಮ್ಮ ತಮ್ಮ ತಂದ ಹಾಡುವ ಆಟಿಕೆಯ ಮೇಲೆ ನನಗೆ ಅನುಮಾನ. ಕೊಟ್ಟವರ ಪ್ರೀತಿಯ ಮೇಲಲ್ಲ, ಡಬ್ಬಿಯ ಮೇಲಿನ ಬರಹದ ಮೇಲೆ. ಅಮೆರಿಕದ ಅರಿಜೋನಾದಲ್ಲಿ ಆ್ಯನಾ ಸೋಸಾ ಎಂಬ ಸಂಶೋಧಕಿ 10ರಿಂದ 16 ತಿಂಗಳ ಕೂಸುಗಳಿದ್ದ 26 ಮನೆಗಳಿಗೆ ಮೂರು ಥರದ ಸಾಮಾನು ಕೊಟ್ಟರು: ಬ್ಯಾಟರಿಯ ಮಾತಾಡುವ ಆಟಿಕೆಗಳು, ಕಟ್ಟಿಗೆಯ ತುಂಡುಗಳಂಥ ಹಳೇ ಮಾದರಿಯವು, ಚಿತ್ರದ ಪುಸ್ತಕಗಳು. ಮನೆಯಲ್ಲಿ ನಡೆದ ಮಾತನ್ನು ಧ್ವನಿಮುದ್ರಿಸಿ ಎಣಿಸಿದರು. ಬ್ಯಾಟರಿ ಆಟಿಕೆ ಮಾತಾಡುತ್ತಿದ್ದಾಗ ಅಪ್ಪ–ಅಮ್ಮ ಎಲ್ಲಕ್ಕಿಂತ ಕಡಿಮೆ ಮಾತಾಡಿದ್ದರು, ಕೂಸೂ ಕಡಿಮೆ ಉಲಿದಿತ್ತು. ಪುಸ್ತಕ ಹಿಡಿದಾಗ ಮಾತು ಎಲ್ಲಕ್ಕಿಂತ ಹೆಚ್ಚು. 2015ರ ಕೊನೆಗೆ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಅದರ ಮೇಲೆ ಮಹಲು ಕಟ್ಟಬೇಕಿಲ್ಲ. ಆದರೂ ಅದು ಹೇಳುವುದು ಮನೆಮನೆಯಲ್ಲಿ ಕಾಣುವಂಥದ್ದೇ. ಆಟಿಕೆ ಬಾಯಿ ತೆರೆದರೆ ಮನೆಯವರು ಬಾಯಿ ಮುಚ್ಚುತ್ತಾರೆ. ಗುಂಡಿ ಒತ್ತಿದರೆ ಆಟಿಕೆಯೇ ಕುಣಿಯುತ್ತದೆ, ಹಾಡುತ್ತದೆ, ಬೆಳಕು ಬಿಡುತ್ತದೆ. ಮಗುವಿಗೆ ಉಳಿಯುವ ಕೆಲಸ ಮತ್ತೆ ಗುಂಡಿ ಒತ್ತುವುದು. ನಿಮ್ಮ ಮಗಳು ಎರಡು ದಿನಕ್ಕೆ ಬೇಸತ್ತಿದ್ದರೆ ಅವಳ ಬುದ್ಧಿ ಸರಿಯಾಗಿಯೇ ಇದೆ!

ಹಾಗಾದರೆ ಒಳ್ಳೆಯ ಆಟಿಕೆಗೆ ನನ್ನದೊಂದು ಅಳತೆ ಇದೆ. ಆಟಿಕೆ ತಾನು ಎಷ್ಟು ಕಡಿಮೆ ಕೆಲಸ ಮಾಡುತ್ತದೋ ಮಗು ಅಷ್ಟು ಹೆಚ್ಚು ಮಾಡಬೇಕಾಗುತ್ತದೆ. ಈ ಅಳತೆಗೆ ಹಾಕಿ ನೋಡಿದರೆ ನಿಮ್ಮ ಸೀಮೆಯ ಮಣ್ಣೆತ್ತನ್ನು ಮೀರಿಸುವ ಆಟಿಕೆಯನ್ನು ನಾನು ಅಂಗಡಿಯಲ್ಲಿ ಕಂಡಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆ ನಿಮಗೆ ಹೊಸದಲ್ಲ. ಕಾರಹುಣ್ಣಿಮೆ ಮುಗಿದ ಹದಿನೈದು ದಿನಕ್ಕೆ, ಮುಂಗಾರು ಬಿತ್ತನೆಯ ಗಡಿಬಿಡಿಯ ನಡುವೆ ಬರುತ್ತದೆ. ಈಗೀಗ ಕುಂಬಾರರು ಮಾಡಿದ ಜೋಡಿ ಎತ್ತುಗಳನ್ನು ಸಂತೆಯಲ್ಲಿ ಕೊಂಡು ತಂದು ಜಗಲಿಯ ಮೇಲಿಟ್ಟು ಪೂಜೆ ಮುಗಿಸುವವರೇ ಹೆಚ್ಚು. ಕೊಳ್ಳಿ, ಕುಂಬಾರರಿಗೂ ಹೊಟ್ಟೆ ಇದೆ. ಅದರ ಜೊತೆಗೆ ಒಂದು ಹಿಡಿ ಹಸಿ ಎರೆಮಣ್ಣನ್ನು ಮಗುವಿನ ಕೈಗೂ ಹಾಕಿ. ಎರೆ ಎಂಥ ಹಟಮಾರಿ ಮಣ್ಣು ಎಂದು ನಿಮಗೆ ನಾನು ಹೇಳಬೇಕಿಲ್ಲ. ನೀರು ಒಂಚೂರು ಹೆಚ್ಚಾದರೆ ಎತ್ತಿನ ಕಾಲು ಕುಸಿದು ಅದು ಮಲಗಿಬಿಡುತ್ತದೆ. ಕಮ್ಮಿಯಾದರೆ ಬೆನ್ನಿನ ಇಣಿ ಹಚ್ಚಿದ ಕಡೆ ಬಿರುಕು. ಕೋಡು ತೆಳ್ಳಗೆ ಎಳೆದರೆ ಒಣಗುವಾಗ ಮುರಿಯುತ್ತದೆ, ಅದಕ್ಕೆಂದೇ ದೊಡ್ಡ ಹುಡುಗರು ಕೋಡಿನ ಜಾಗಕ್ಕೆ ಕಡ್ಡಿ ಚುಚ್ಚುತ್ತಾರೆ. ಎರಡೂವರೆ ವರ್ಷದವಳು ಎತ್ತು ಮಾಡುವುದಿಲ್ಲ. ಹಿಸುಕುತ್ತಾಳೆ, ತಟ್ಟುತ್ತಾಳೆ, ಅಂಗೈ ನಡುವೆ ಹೊಸೆದು ಹುಳ ಮಾಡುತ್ತಾಳೆ. ಮೂರೂವರೆಗೆ ಆ ಹುಳ ಹಾವಾಗುತ್ತದೆ, ಉಂಡೆ ಲಡ್ಡಾಗುತ್ತದೆ. ನಾಲ್ಕೈದಕ್ಕೆ ನಾಲ್ಕು ಕಾಲು, ಒಂದು ಬಾಲ. ಮುಂದೆ ಎತ್ತಿನ ಮುಂದಿಡಲು ಗ್ವಾದಲಿ. ಎತ್ತಿಗೆ ಮೇವು ಬೇಕು ಎಂದು ನೆನಪಾಗಿ ಗ್ವಾದಲಿ ಮಾಡಿದ ಮಗು ಒಂದು ಸಂಸಾರದ ಲೆಕ್ಕವನ್ನೇ ಹಾಕಿದೆ.

ಹಿಸುಕುವ ಈ ಕೆಲಸದಿಂದ ಬೆರಳಿನ ಸಣ್ಣ ಸ್ನಾಯುಗಳಿಗೆ ಬರುವ ಕಸುವೇ ಮುಂದೆ ಬಳಪ, ಪೆನ್ಸಿಲ್ ಹಿಡಿಯಲು ಬೇಕಾಗುವುದು. ಮೂರು ವರ್ಷಕ್ಕೇ ಪಾಟಿ ಕೊಟ್ಟು ‘ಅ’ ತಿದ್ದು ಎಂದು ಕೈ ಹಿಡಿದು ಜಗ್ಗುವ ಪಾಲಕರನ್ನು ಕಂಡಾಗ, ಈ ಕೈಗೆ ಇನ್ನೊಂದು ವರ್ಷ ಮಣ್ಣು ಕೊಡಬಾರದೇ ಅನ್ನಿಸುತ್ತದೆ. ಮಣ್ಣು ಕೊಳಕು ಎಂಬ ಹೆದರಿಕೆಯೂ ಪೂರಾ ಸುಳ್ಳಲ್ಲ. ದನ–ನಾಯಿ ಓಡಾಡದ, ಜನ ಬಯಲುಶೌಚಕ್ಕೆ ಹೋಗದ ಜಾಗದ ಮಣ್ಣು ತನ್ನಿ, ಆಟ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಸಿ, ಉಗುರು ಕತ್ತರಿಸಿ. ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಅಂಗನವಾಡಿಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆ ತಪ್ಪಿಸಬೇಡಿ.

ನಮ್ಮ ಉತ್ತರ ಕರ್ನಾಟಕದ ಹಿರಿಯರು ವರ್ಷಕ್ಕೆ ಐದು ಸಲ ಮಣ್ಣಿನ ಪೂಜೆ ಎಂದು ಎಣಿಸುತ್ತಾರೆ: ಮಣ್ಣೆತ್ತು, ಆಷಾಢದ ಮಂಗಳವಾರಗಳ ಗುಳ್ಳವ್ವ, ಪಂಚಮಿಯ ನಾಗಪ್ಪ, ಗಣಪ, ಜೋಕುಮಾರ. ಹೊಲದ ಮಣ್ಣು ಹದವಾಗಿರುವ ಮಳೆಗಾಲದ ಆ ಮೂರು ತಿಂಗಳಲ್ಲಿ ಮಕ್ಕಳ ಕೈಯಲ್ಲೂ ಮಣ್ಣಿರಲಿ ಎಂದು ಯಾರೋ ಕೂತು ಪಂಚಾಂಗ ಬರೆದಂತಿದೆ. ಮಣ್ಣೆತ್ತಿನ ಮರುದಿನ ಹುಡುಗರು ಕುಂಟ ಎತ್ತೊಂದನ್ನು ಹಲಗೆಯ ಮೇಲಿಟ್ಟುಕೊಂಡು ಮನೆಮನೆಗೆ ಹೋಗಿ ಜೋಳ ಬೇಡುವ ಪದ್ಧತಿ ಇದೆಯಲ್ಲ, ಅದು ಹೊರನೋಟಕ್ಕೆ ಹುಡುಗಾಟ. ಒಳಗೆ ಎಷ್ಟು ಕಲಿಕೆ ಇದೆ ನೋಡಿ: ಎಲ್ಲರೂ ಕೂಡಿ ಹಾಡುವುದು, ಬೈದು ಕಳಿಸಿದರೆ ಮುಂದಿನ ಮನೆಗೆ ಹೋಗುವುದು, ಬಂದ ಕಾಳನ್ನು ಪಾಲು ಮಾಡುವಾಗ ಜಗಳಾಡಿ ಒಂದು ನ್ಯಾಯಕ್ಕೆ ಬರುವುದು. ಇಂಗ್ಲಿಷ್ ಶಾಲೆಯ ಪರಿಚಯ ಪುಸ್ತಿಕೆಯಲ್ಲಿ ‘ಸಾಮಾಜಿಕ ಕೌಶಲ’ ಎಂದು ಅಚ್ಚು ಹಾಕಿಸಿ ಶುಲ್ಕ ಪಡೆಯುವುದು ಇದಕ್ಕೇ.

ಇಲ್ಲಿ ಅತ್ತೆಯವರ ಜೊತೆ ನನ್ನದೊಂದು ತಕರಾರು. ಎತ್ತು ಹುಡುಗರಿಗೆ, ಗುಳ್ಳವ್ವ ಹುಡುಗಿಯರಿಗೆ ಎಂಬ ಹಳೆಯ ಹಂಚಿಕೆಯನ್ನು ಬಿಟ್ಟುಬಿಡೋಣ. ನಿಮ್ಮ ಮಗಳು ಎತ್ತು ಹೂಡಲಿ, ನೆರೆಮನೆಯ ಹುಡುಗ ಗುಳ್ಳವ್ವನಿಗೆ ಆರತಿ ಮಾಡಲಿ. ಬೆರಳಿಗೆ ಗಂಡು–ಹೆಣ್ಣೆಂಬುದಿಲ್ಲ. ಒಂದು ಕಾಲಕ್ಕೆ ಚಾಲುಕ್ಯ ಮನೆತನದ ಅಕ್ಕಾದೇವಿ ಎಂಬ ಹೆಣ್ಣುಮಗಳು ಆಳಿದ ಕಿಸುಕಾಡು ನಾಡು ನಿಮ್ಮದು. ಎರಡನೆಯ ತಕರಾರು ಇನ್ನೂ ಗಂಭೀರ. ಗುಳ್ಳವ್ವನ ಸಿಂಗಾರಕ್ಕೆ ಕುಸುಬಿ, ಜೋಳದ ಜೊತೆ ಗುಲಗಂಜಿ ಚುಚ್ಚುವ ರೂಢಿ ಇದೆ. ಕೆಂಪು ಮೈ, ಕರಿ ಚುಕ್ಕೆ, ನೋಡಲು ಬಲು ಚೆಂದ. ಅದರೊಳಗಿರುವ ಎಬ್ರಿನ್ ಮಾರಕ ವಿಷ. ಇಡೀ ಕಾಳು ನುಂಗಿದರೆ ಗಟ್ಟಿ ಸಿಪ್ಪೆಯ ದೆಸೆಯಿಂದ ಎಷ್ಟೋ ಸಲ ಹಾಗೇ ಹೊರಗೆ ಹೋಗುತ್ತದೆ, ಅಗಿದು ನುಂಗಿದರೆ ಪ್ರಾಣಕ್ಕೇ ಸಂಚಕಾರ. ಹಿತ್ತಲಿನ ಔಡಲ ಬೀಜವೂ ಅದೇ ಜಾತಿಯ ಅಪಾಯದ್ದು. ಬಾಯಿಗಿಡುವ ವಯಸ್ಸಿನ ಮಗು ಇರುವ ಮನೆಯಲ್ಲಿ ಎರಡೂ ಬೇಡ. ಕುಸುಬಿಯಿಂದಲೇ ಗುಳ್ಳವ್ವ ತೃಪ್ತಿಪಡುತ್ತಾಳೆ.

ಮಣ್ಣಿನ ಆಟಿಕೆ ಎಂದಾಗ ಶೂದ್ರಕನ ‘ಮೃಚ್ಛಕಟಿಕ’ ನೆನಪಾಗದೆ ಇರದು. ನೆರೆಯವರ ಮಗನ ಬಂಗಾರದ ಬಂಡಿ ಕಂಡ ಚಾರುದತ್ತನ ಮಗ ತನ್ನ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ, ವಸಂತಸೇನೆ ತನ್ನ ಒಡವೆಗಳನ್ನೇ ಆ ಬಂಡಿಗೆ ತುಂಬಿಬಿಡುತ್ತಾಳೆ. ಮಕ್ಕಳಿಗೆ ಪಕ್ಕದ ಮನೆಯ ಆಟಿಕೆಯೇ ಚೆಂದ ಕಾಣುವುದು ಇವತ್ತಿನ ಜಾಹೀರಾತಿನಿಂದ ಶುರುವಾದ ರೋಗವಲ್ಲ. ಸಿಂಧೂ ಕಣಿವೆಯ ಊರುಗಳಲ್ಲಿ ಅಗೆದಾಗಲೂ ಸುಟ್ಟ ಮಣ್ಣಿನ ಎತ್ತು, ಗಾಲಿ, ಬಂಡಿ ಸಿಕ್ಕಿವೆ. ನಾಲ್ಕು ಸಾವಿರ ವರ್ಷ ದಾಟಿದ ಆಟ ಅದು.

ಈಗ ನಿಮ್ಮ ಮಗಳು ಕಾಲಿಟ್ಟಿರುವ ಘಟ್ಟದ ಬಗ್ಗೆ ಹೇಳಬೇಕು. ಎರಡರಿಂದ ಮೂರು ವರ್ಷದ ನಡುವೆ ಮಗು ಒಂದು ವಸ್ತುವನ್ನು ಇನ್ನೊಂದಾಗಿ ಕಾಣತೊಡಗುತ್ತದೆ. ಜೋಳದ ದಂಟು ಕುದುರೆಯಾಗುತ್ತದೆ. ಚಪ್ಪಲಿ ಫೋನಾಗುತ್ತದೆ. ರಷ್ಯದ ಲೆವ್ ವಿಗೋಟ್‌ಸ್ಕಿ 1933ರಲ್ಲಿ ಆಟದ ಬಗ್ಗೆ ಕೊಟ್ಟ ಒಂದು ಉಪನ್ಯಾಸದಲ್ಲಿ ಈ ಕೋಲುಕುದುರೆಯನ್ನೇ ಎತ್ತಿಕೊಂಡರು. ಕಣ್ಣಿಗೆ ಕಾಣುವುದು ಕೋಲು, ಮನಸ್ಸು ನಡೆಸುವುದು ಕುದುರೆಯನ್ನು. ಕಂಡದ್ದಕ್ಕೂ ಅಂದುಕೊಂಡದ್ದಕ್ಕೂ ನಡುವೆ ಮಗು ಮೊದಲ ಸಲ ಬಿರುಕು ಮೂಡಿಸುತ್ತದೆ. ಮುಂದೆ ‘3’ ಎಂಬ ಗೀಟು ಮೂರು ಮಾವಿನಕಾಯಿಯನ್ನು, ‘ಕ’ ಎಂಬ ಸುರುಳಿ ಒಂದು ಸದ್ದನ್ನು ಸೂಚಿಸಬಲ್ಲದೆಂದು ಒಪ್ಪಿಕೊಳ್ಳಲು ಬೇಕಾದ ಬುದ್ಧಿ ಇದೇ. ಕುದುರೆಯಂತೆಯೇ ಕಾಣುವ, ಕುದುರೆಯಂತೆಯೇ ಕೆನೆಯುವ ಪ್ಲಾಸ್ಟಿಕ್ ಕುದುರೆ ಈ ಕೆಲಸವನ್ನು ಮಗುವಿನಿಂದ ಕಸಿದುಕೊಳ್ಳುತ್ತದೆ. ಜೋಳದ ದಂಟಿನ ಬೆಂಡಿನಿಂದ ಕನ್ನಡಕ, ಬಂಡಿ, ಕೂರಿಗೆ ಮಾಡಿಕೊಡಲು ಬರುವ ಅಜ್ಜ ನಿಮ್ಮ ಓಣಿಯಲ್ಲಿ ಇನ್ನೂ ಇದ್ದಾರು. ಸಿಪ್ಪೆ ಸುಲಿದು, ಆ ಸಿಪ್ಪೆಯನ್ನೇ ಮೊಳೆ ಮಾಡಿ ಬೆಂಡಿಗೆ ಚುಚ್ಚಿ ಜೋಡಿಸುವ ಆ ಜಾಣ್ಮೆ ನೋಡುವಂಥದ್ದು. ಸಿಪ್ಪೆ ಕೈ ಕೊಯ್ಯುತ್ತದೆ, ಹೀಗಾಗಿ ಮಾಡುವುದು ಅಜ್ಜ, ಓಡಿಸುವುದು ಮೊಮ್ಮಗಳು.

ಹೀಗೆ ಹೇಳಿದ ಮಾತ್ರಕ್ಕೆ ಕೊಂಡ ಆಟಿಕೆಯೆಲ್ಲ ಕೆಟ್ಟದು, ಹಳ್ಳಿಯದೆಲ್ಲ ಒಳ್ಳೆಯದು ಎಂಬ ಹಾಡು ನನ್ನದಲ್ಲ. ಕೊಳ್ಳುವುದಾದರೆ ಒಂದೆರಡು ಮಾತು. ಒಂದು ಹಿಡಿ ಕಟ್ಟಿಗೆ ಇಟ್ಟಿಗೆಗಳು, ಒಂದು ಚೆಂಡು, ಒಂದು ಬಟ್ಟೆ ಬೊಂಬೆ, ನಾಲ್ಕು ಚಿತ್ರದ ಪುಸ್ತಕ: ಮೂರು ವರ್ಷದವರೆಗೆ ಇಷ್ಟಿದ್ದರೆ ಶ್ರೀಮಂತಿಕೆ. ಶಿಶುವಿಹಾರ ಎಂಬ ಕಲ್ಪನೆಯನ್ನೇ ಜಗತ್ತಿಗೆ ಕೊಟ್ಟ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ತನ್ನ ಕೇಂದ್ರ ತೆರೆದಾಗ ಮಕ್ಕಳಿಗೆಂದು ರೂಪಿಸಿದ ಮೊದಲ ‘ಕೊಡುಗೆ’ ನೂಲಿನಲ್ಲಿ ಹೆಣೆದ, ಆರು ಬಣ್ಣದ ಮೆತ್ತನೆಯ ಚೆಂಡುಗಳು. ಪಕ್ಕದ ಗಜೇಂದ್ರಗಡದ ಮಗ್ಗದ ಮನೆಗಳಲ್ಲಿ ಉಳಿಕೆ ನೂಲಿಗೆ ಬರವೇ? ಬಟ್ಟೆ ಚಿಂದಿಯ ಉಂಡೆಯ ಮೇಲೆ ಬಿಗಿಯಾಗಿ ಸುತ್ತಿ ಹೊಲಿದರೆ ಫ್ರೋಬೆಲ್ಲನ ಚೆಂಡು ಸಿದ್ಧ.

ನಿಮ್ಮ ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಳ ಬಗ್ಗೆ ಹೆಮ್ಮೆ ಪಡಬೇಕು. ಹಗುರ ಮರದಲ್ಲಿ ಕೆತ್ತಿ, ಹುಣಸೆ ಬೀಜದ ಅಂಟಿಗೆ ಸೆಣಬಿನ ಚಿಂದಿಯ ಪುಡಿ, ಕಟ್ಟಿಗೆ ಪುಡಿ ಕಲೆಸಿದ ‘ಕಿಟ್ಟ’ದಿಂದ ಕೀಲು ಮುಚ್ಚಿ ಬಣ್ಣ ಹಚ್ಚುವ ಚಿತ್ರಗಾರರ ಕೈಚಳಕ ಅದು. ಆದರೆ ಗರುಡ, ಕಾಮಧೇನು, ಗೌರಿ ನೋಡಿ ಕಥೆ ಹೇಳಲಿಕ್ಕೆ, ಕಚ್ಚಲಿಕ್ಕಲ್ಲ. ಹಲ್ಲು ಬರುವ ಕೂಸಿಗೆ ಚನ್ನಪಟ್ಟಣದ್ದು ವಾಸಿ. ಹಾಲೆ ಮರವನ್ನು ಚರಕಿಯ ಮೇಲೆ ತಿರುಗಿಸುತ್ತ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಹೀಗೆ ಮಾಡಿದ್ದರಲ್ಲಿ ಚೂಪು ಮೂಲೆಯೂ ಇಲ್ಲ, ಸುಲಿದು ಬೀಳುವ ಪೇಂಟೂ ಇಲ್ಲ. ಅದರ ಹೆಸರಿನಲ್ಲಿ ನಕಲಿಯೂ ಬರುತ್ತದೆ, ವಾಸನೆ ಬಡಿಯುವ ಬಣ್ಣದ್ದಾಗಿದ್ದರೆ ಬಿಟ್ಟುಬಿಡಿ. ಜಾತ್ರೆಯ ಸಾಲಿನಲ್ಲಾಗಲಿ ಪೇಟೆಯಲ್ಲಾಗಲಿ ಕಾರ್ಖಾನೆಯ ಆಟಿಕೆ ಕೊಂಡರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಭಾರತದಲ್ಲಿ ಅದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿ ಪಡೆದ ಆಟಿಕೆಗಳಿಗೂ ವಿನಾಯಿತಿ ಇದೆ, ಅದಕ್ಕೇ ಚನ್ನಪಟ್ಟಣದ್ದರ ಮೇಲೆ ಆ ಗುರುತು ಇಲ್ಲದಿದ್ದರೆ ಗಾಬರಿಯಾಗಬೇಡಿ.

ಮೂರು ವರ್ಷದೊಳಗಿನವರಿಗೆ ಸುಮಾರು 3 ಸೆಂ.ಮೀ. ಅಗಲಕ್ಕಿಂತ ಸಣ್ಣ ತುಂಡು ಇರುವ ಯಾವುದೂ ಬೇಡ, ಗಂಟಲಲ್ಲಿ ಸಿಕ್ಕೀತು. ಹತ್ತು ರೂಪಾಯಿಯ ನಾಣ್ಯ 27 ಮಿ.ಮೀ. ಅಗಲ; ಅದಕ್ಕಿಂತ ಒಂದಿಷ್ಟು ದೊಡ್ಡದು ಎಂದು ನೆನಪಿಟ್ಟರೆ ಸಾಕು. ಗೋಲಿ, ಗಜ್ಜುಗ, ಹುಣಸೆ ಬೀಜ, ಇಡೀ ಶೇಂಗಾ, ಎಲ್ಲವೂ ಈ ಪಟ್ಟಿಯೊಳಗೇ. ಊದದ ಪುಗ್ಗೆ, ಒಡೆದ ಪುಗ್ಗೆಯ ಚೂರೂ ಹಾಗೇ. ನಿಮ್ಮ ತಮ್ಮ ತಂದ ಆಟಿಕೆಯಲ್ಲಿ ಗುಂಡಿಯಾಕಾರದ ಬ್ಯಾಟರಿ ಇದ್ದರೆ ಮುಚ್ಚಳಕ್ಕೆ ಸ್ಕ್ರೂ ಇದೆಯೇ ಇವತ್ತೇ ನೋಡಿ. ಅದನ್ನು ನುಂಗಿದರೆ ಎರಡು ತಾಸಿನೊಳಗೇ ಅನ್ನನಾಳ ಸುಡತೊಡಗುತ್ತದೆ. ಮನೆಮದ್ದು ಮಾಡುತ್ತ ಕೂರದೆ ಗದಗಿಗೋ ಬಾಗಲಕೋಟೆಗೋ ಹೊರಡಬೇಕಾದ ತುರ್ತು ಅದು.

ಇರುವ ಆಟಿಕೆಯನ್ನೆಲ್ಲ ಒಮ್ಮೆಗೇ ಹರಡಬೇಡಿ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳಿಗೆ ಒಮ್ಮೆ 4 ಆಟಿಕೆ, ಒಮ್ಮೆ 16 ಆಟಿಕೆ ಕೊಟ್ಟು ನೋಡಿದ್ದರು. ನಾಲ್ಕಿದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ನಾಲ್ಕನ್ನು ಹೊರಗಿಡಿ, ಉಳಿದದ್ದು ಟ್ರಂಕಿನಲ್ಲಿರಲಿ, ವಾರ ಬಿಟ್ಟು ಬದಲಿಸಿ. ಜಮೈಕಾದ ಆ ಕಾರ್ಯಕರ್ತೆ ಮಾಡುತ್ತಿದ್ದುದೂ ಇದನ್ನೇ.

ಮೊಬೈಲ್ ಬಗ್ಗೆ ನೀವು ಕೇಳಿಲ್ಲ, ಕೇಳದಿದ್ದರೂ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರದಿರಲಿ, ಕಮ್ಮಿಯಾದಷ್ಟೂ ಒಳ್ಳೆಯದು. ಅದರ ಪಕ್ಕದ ಸಾಲನ್ನು ಯಾರೂ ಓದುವುದಿಲ್ಲ: ಈ ವಯಸ್ಸಿನ ಮಗು ದಿನಕ್ಕೆ ಮೂರು ತಾಸಾದರೂ ಓಡಾಡಿ, ಹತ್ತಿ ಇಳಿದು ಮೈ ದಣಿಸಬೇಕು. ಸೂಡಿಯಲ್ಲಿ ಅದಕ್ಕೆ ಜಾಗದ ಕೊರತೆ ಇಲ್ಲ. ಜೋಡು ಕಳಸದ ಗುಡಿಯ ಸುತ್ತ ಎಷ್ಟು ಬೇಕಾದರೂ ಓಡಬಹುದು. ನಾಗಕುಂಡದ ಕಡೆ ಮಾತ್ರ ಕೈ ಹಿಡಿದೇ ಕರೆದೊಯ್ಯಿರಿ; ಕಲ್ಲಿನ ಕೆತ್ತನೆ ಎಷ್ಟೇ ಚೆಂದವಿದ್ದರೂ ಅದು ನೀರಿನ ಕೊಳ. ಪಂಚಮಿಗೆ ಕಟ್ಟುವ ಜೋಕಾಲಿಯನ್ನು ಹಬ್ಬ ಮುಗಿದ ಮರುದಿನವೇ ಬಿಚ್ಚಬೇಕೆಂಬ ನಿಯಮವೇನಿಲ್ಲ. ಹಗ್ಗ ಗಟ್ಟಿ ಇದ್ದು, ನೆಲದಿಂದ ಒಂದು ಗೇಣು ಎತ್ತರಕ್ಕೆ ಕಟ್ಟಿದರೆ ಆರು ತಿಂಗಳು ಇರಲಿ.

ಮೂರು ದಾಟಿದ ಮೇಲೆ ಆಟಕ್ಕೆ ಕಟ್ಟಳೆ ಬರುತ್ತದೆ, ಆಗ ಬೇಕಾಗುವ ಸಾಮಾನು ಇನ್ನೂ ಕಮ್ಮಿ. ಕೆರೆ–ದಡ ಆಟವನ್ನೇ ತಗೊಳ್ಳಿ. ನೆಲದ ಮೇಲೊಂದು ಗೀಟು. ‘ಕೆರೆ’ ಎಂದಾಗ ಒಳಗೆ ಹಾರಬೇಕು, ‘ದಡ’ ಎಂದಾಗ ಹೊರಗೆ. ದಡದಲ್ಲಿ ನಿಂತವರಿಗೆ ಮತ್ತೆ ‘ದಡ’ ಎಂದರೆ ಹಾರಬಾರದು, ಹಾರಿದವರು ಔಟ್. ಸಣ್ಣ ಮಗುವಿಗೆ ಹಾರುವುದು ಸುಲಭ, ಹಾರದೆ ನಿಲ್ಲುವುದು ಕಷ್ಟ. ಮೈಯೆಲ್ಲ ಹಾರಲು ತುದಿಗಾಲ ಮೇಲಿರುವಾಗ ಕಿವಿಗೊಟ್ಟು, ನೆನಪಿಟ್ಟು, ತನ್ನನ್ನು ತಾನೇ ತಡೆದುಕೊಳ್ಳುವ ಆ ಶಕ್ತಿಯನ್ನು ಮನೋವಿಜ್ಞಾನಿಗಳು ಶಾಲೆಯ ಕಲಿಕೆಗೆ ಅಕ್ಷರಜ್ಞಾನದಷ್ಟೇ ಮುಖ್ಯ ಎಣಿಸುತ್ತಾರೆ. ಇನ್ನು ಎಣಿಕೆಗೆ ಹಾವು–ಏಣಿಯಂಥ ಆಟ. ಅಮೆರಿಕದ ರಾಬರ್ಟ್ ಸೀಗ್ಲರ್, ಗೀತಾ ರಮಣಿ 2008ರಲ್ಲಿ ಪ್ರಕಟಿಸಿದಂತೆ, ಬಡ ಕುಟುಂಬದ ನಾಲ್ಕೈದು ವರ್ಷದ ಮಕ್ಕಳು 1ರಿಂದ 10ರ ಮನೆಗಳಿದ್ದ ಸಾದಾ ಪಟದ ಮೇಲೆ ಎರಡು ವಾರದಲ್ಲಿ ನಾಲ್ಕು ಸಲ, ಪ್ರತಿ ಸಲ ಕಾಲು ತಾಸು ಆಡಿದ್ದಕ್ಕೇ ಅಂಕಿಗಳ ತಿಳಿವಳಿಕೆಯಲ್ಲಿ ಮುಂದೆ ಬಂದಿದ್ದರು. ಅಂಕಿಯ ಬದಲು ಬರೀ ಬಣ್ಣವಿದ್ದ ಪಟದ ಮೇಲೆ ಆಡಿದವರಿಗೆ ಆ ಲಾಭ ಆಗಲಿಲ್ಲ. ಚೌಕಾಬಾರದ ಮನೆ ಎಣಿಸುವಾಗ ಅಜ್ಜಿ ಗಟ್ಟಿಯಾಗಿ ಎಣಿಸಲಿ, ಸಾಕು.

ಮಗಳು ಮೂರು ತುಂಬಿದ ಮೇಲೆ ಅಂಗನವಾಡಿಗೆ ಹೋಗುತ್ತಾಳೆ. ಅಲ್ಲಿ ಮೊಟ್ಟೆ, ಆಹಾರದ ಲೆಕ್ಕ ಕೇಳುವಷ್ಟೇ ಗಟ್ಟಿಯಾಗಿ ಆಟದ ಲೆಕ್ಕವನ್ನೂ ಕೇಳಿ. ರಾಜ್ಯದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಚಟುವಟಿಕೆ ಪುಸ್ತಕವೇ ಇದೆ, ಆಟಿಕೆಯ ಕಿಟ್ಟೂ ಬರುತ್ತದೆ. ಮುರಿದಾವು ಎಂಬ ಹೆದರಿಕೆಗೆ ಅವು ಕಪಾಟಿನೊಳಗೇ ಕೀಲಿ ಬಿದ್ದು ಕೂತಿದ್ದರೆ ತಾಯಂದಿರ ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ಆಟಿಕೆ ಮುರಿದದ್ದಕ್ಕೆ ಕಾರ್ಯಕರ್ತೆ ಜವಾಬು ಕೊಡಬೇಕಾದ ವ್ಯವಸ್ಥೆ ಇರುವವರೆಗೆ ಕಪಾಟಿನ ಕೀಲಿ ತೆರೆಯುವುದಿಲ್ಲ, ಅದು ಅವರೊಬ್ಬರ ತಪ್ಪೂ ಅಲ್ಲ. ನೀವು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವವರಾದರೆ, ನಿಮ್ಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ನಡೆಯುತ್ತಿದೆಯೇ ವಿಚಾರಿಸಿ. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳಿಗೆಂದೇ ಸರ್ಕಾರ ಶುರುಮಾಡಿದ್ದು ಅದು.

ಕೊನೆಗೆ ಒಂದು ಮಾತು, ನಿಮ್ಮ ಮಗಳಿಗೆ ಇದು ಬೇಕಿಲ್ಲ ಎಂದು ನಿಮ್ಮ ಪತ್ರವೇ ಹೇಳುತ್ತದೆ, ಆದರೆ ಓದುವ ಇನ್ನೊಬ್ಬ ತಾಯಿಗೆ ಬೇಕಾದೀತು. ಒಂದೂವರೆ ವರ್ಷವಾದರೂ ಮಗು ಬೇಕಾದದ್ದನ್ನು ಬೆರಳಿಟ್ಟು ತೋರಿಸದಿದ್ದರೆ, ಹೆಸರು ಕೂಗಿದರೆ ತಿರುಗಿ ನೋಡದಿದ್ದರೆ, ಎರಡು ದಾಟಿದರೂ ಬೊಂಬೆಗೆ ಉಣ್ಣಿಸುವಂಥ ಸುಳ್ಳೇ ಆಟ ಆಡದಿದ್ದರೆ, ಅಥವಾ ಆಡುತ್ತಿದ್ದುದನ್ನು, ಮಾತಾಡುತ್ತಿದ್ದುದನ್ನು ಬಿಟ್ಟುಬಿಟ್ಟರೆ, ‘ದೊಡ್ಡದಾದ ಮೇಲೆ ಸರಿಹೋಗುತ್ತದೆ’ ಎಂದು ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. 2013ರಿಂದ ಈ ಕಾರ್ಯಕ್ರಮ ಇದೆ, ತಪಾಸಣೆ ಪುಕ್ಕಟೆ. ತಂಡ ಯಾವಾಗ ಬರುತ್ತದೆ ಎಂದು ಅಂಗನವಾಡಿಯಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಅಷ್ಟರವರೆಗೆ ತಡೆಯಲಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ ಎಂದು ನೀವೇ ಕೇಳಿ.